ಉದಾರವಾದ, ಸ್ವಾತಂತ್ರ್ಯ ಮತ್ತು ಶಿಕ್ಷಣ: ಮಿಲ್ಲನ ವಾದವೊಂದರ ಪರಿಶೀಲನೆ

‘ಲಿಬರಲಿಸಂ’ ಎಂಬುದಕ್ಕೆ ಕನ್ನಡದಲ್ಲಿ ‘ಉದಾರವಾದ’ ಎಂಬ ಪದ ರೂಢಿಗೆ ಬಂದಿದೆ. ನಡುಗನ್ನಡ ಕಾವ್ಯಗಳನ್ನು ಓದಿದವರಿಗೆ ‘ಉದಾರ’ ಎಂದೊಡನೆ ನೆನಪಾಗುವುದು ಕೊಡುವವನ ಗುಣ. ಮೂಲದ ಲ್ಯಾಟಿನ್ ಪದವಾದರೋ ‘ಸ್ವತಂತ್ರನಿಗೆ ತಕ್ಕುದು’ ಎಂಬ ಅರ್ಥವುಳ್ಳದ್ದು. ಗುಲಾಮನಲ್ಲದವನಿಗೆ ಉಚಿತವಾದ ವಿದ್ಯೆಗಳನ್ನು ರೋಮನ್ನರು ‘ಆರ್ಟೆಸ್ ಲಿಬರಾಲೆಸ್’ ಎಂದು ಕರೆದರು. ಅಲ್ಲಿ ಸ್ವಾತಂತ್ರ್ಯ ಮೊದಲು, ವಿದ್ಯೆ ಅನಂತರ. ಆಧುನಿಕ ಉದಾರವಾದ ಈ ಕ್ರಮವನ್ನು ತಿರುಗಿಸಿತು: ಸ್ವಾತಂತ್ರ್ಯ ಎಲ್ಲರದೂ ಆಗಬೇಕಾದರೆ ವಿದ್ಯೆಯೂ ಎಲ್ಲರದಾಗಬೇಕು. ಹಾಗಾದರೆ ವಿದ್ಯೆಯ ಸ್ವರೂಪವನ್ನು ನಿರ್ಧರಿಸುವವರು ಯಾರು? ಜಾನ್ ಸ್ಟುವರ್ಟ್ ಮಿಲ್ ತನ್ನ ‘ಆನ್ ಲಿಬರ್ಟಿ’ (1859) ಕೃತಿಯಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಅನ್ಯರಿಗೆ ಹಾನಿಯಾಗುವುದನ್ನು ತಡೆಯುವುದಕ್ಕಲ್ಲದೆ ವ್ಯಕ್ತಿಯ ಮೇಲೆ ಬಲಪ್ರಯೋಗ ಸಲ್ಲದು ಎಂಬುದು ಮಿಲ್ಲನ ಮೂಲತತ್ತ್ವ. ಆದರೆ ಮಕ್ಕಳಿಗೆ ಇದು ಅನ್ವಯಿಸದೆಂದು ಅವನೇ ಹೇಳುತ್ತಾನೆ. ಎಂದರೆ ಸ್ವಾತಂತ್ರ್ಯದ ಹಕ್ಕು ಪ್ರಬುದ್ಧರದು. ಪ್ರಬುದ್ಧತೆ ಶಿಕ್ಷಣದ ಫಲ. ಶಿಕ್ಷಣವೋ ಒಂದಿಷ್ಟು ನಿರ್ಬಂಧವಿಲ್ಲದೆ ನಡೆಯದು. ನಿರ್ಬಂಧದ ನಡುವೆ ಸ್ವಾತಂತ್ರ್ಯವನ್ನು ಬೆಳೆಸುವುದು ಹೇಗೆಂಬ ಈ ತೊಡಕನ್ನು 1803ರಲ್ಲಿ ಪ್ರಕಟವಾದ ಶಿಕ್ಷಣ ಕುರಿತ ಉಪನ್ಯಾಸಗಳಲ್ಲಿ ಕಾಂಟ್ ಆಗಲೇ ಗುರುತಿಸಿದ್ದನು.

ಮಿಲ್ ಸೂಚಿಸುವ ಪರಿಹಾರ ಒಂದು ಸೂಕ್ಷ್ಮ ಭೇದವನ್ನು ಅವಲಂಬಿಸಿದೆ. ಪ್ರತಿಯೊಂದು ಮಗುವೂ ಕಲಿಯಲೇಬೇಕೆಂದು ಪ್ರಭುತ್ವ ವಿಧಿಸಬಹುದು, ಪರೀಕ್ಷೆಗಳ ಮೂಲಕ ಅದನ್ನು ಖಚಿತಪಡಿಸಿಕೊಳ್ಳಬಹುದು, ಬಡವರ ಶುಲ್ಕವನ್ನು ಭರಿಸಬಹುದು. ಆದರೆ ಕಲಿಕೆಯೆಲ್ಲವನ್ನೂ ತಾನೇ ನಡೆಸಬಾರದು. ನಡೆಸಿದರೆ ಜನರೆಲ್ಲ ಒಂದೇ ಅಚ್ಚಿನಲ್ಲಿ ಎರಕಗೊಳ್ಳುತ್ತಾರೆ. ಸರ್ಕಾರಿ ಶಾಲೆಯು ಹಲವು ಪ್ರಯೋಗಗಳಲ್ಲಿ ಒಂದಾಗಿರಬೇಕು. ಈ ಕೃತಿಯ ಆರಂಭದಲ್ಲಿ ಮಿಲ್ ಉದ್ಧರಿಸುವ ಹುಂಬೋಲ್ಟ್ ಕೂಡ ಶಿಕ್ಷಣದಿಂದ ಪ್ರಭುತ್ವವನ್ನು ದೂರವಿಡಬೇಕೆಂದು ತಾರುಣ್ಯದಲ್ಲಿ ಬರೆದವನು. ಆದರೆ 1809ರಲ್ಲಿ ಪ್ರಷ್ಯಾದ ಶಿಕ್ಷಣಾಡಳಿತವನ್ನು ವಹಿಸಿಕೊಂಡು ಬರ್ಲಿನ್ ವಿಶ್ವವಿದ್ಯಾಲಯದ (1810) ಸ್ಥಾಪನೆಗೆ ಕಾರಣನಾದವನೂ ಅವನೇ ಎಂಬುದು ಗಮನಾರ್ಹ.

ಮಿಲ್ಲನ ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ಮಗುವನ್ನು ತಂದೆಯ ಸ್ವತ್ತೆಂಬಂತೆ ಭಾವಿಸಿ, ಅವನ ಅಧಿಕಾರವನ್ನೇ ಸ್ವಾತಂತ್ರ್ಯವೆಂದು ಜನ ತಪ್ಪಾಗಿ ತಿಳಿಯುತ್ತಾರೆಂದು ಅವನು ಆಕ್ಷೇಪಿಸುತ್ತಾನೆ. ಹೀಗಾಗಿ ಇದು ಪ್ರಭುತ್ವ ಮತ್ತು ಪೋಷಕರ ನಡುವಿನ ವ್ಯಾಜ್ಯ ಮಾತ್ರವಲ್ಲ. ಮಗು ಇಲ್ಲಿ ಮೂರನೆಯ ಪಕ್ಷ.

ಭಾರತಕ್ಕೂ ಮಿಲ್ಲನಿಗೂ ನೇರ ಸಂಬಂಧವಿತ್ತು. 1823ರಿಂದ 1858ರವರೆಗೆ ಅವನು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿದ್ದನು. 1835ರ ಇಂಗ್ಲಿಷ್ ಶಿಕ್ಷಣ ನೀತಿಯನ್ನು ವಿರೋಧಿಸಿ 1836ರಲ್ಲಿ ಅವನು ಸಿದ್ಧಪಡಿಸಿದ ಕರಡು ಮೇಲಧಿಕಾರಿಗಳ ಒಪ್ಪಿಗೆ ಪಡೆಯಲಿಲ್ಲ. ಆದರೂ ‘ಹಿಂದುಳಿದ’ ಸಮಾಜಗಳನ್ನು ಮಕ್ಕಳ ಸಾಲಿನಲ್ಲಿ ನಿಲ್ಲಿಸಿ ಸ್ವಾತಂತ್ರ್ಯತತ್ತ್ವದಿಂದ ಹೊರಗಿಟ್ಟವನೂ ಅವನೇ. ಪ್ರಬುದ್ಧತೆಯನ್ನು ಅಳೆಯುವ ಅಧಿಕಾರ ಯಾರದೆಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ.

ಕನ್ನಡದ ಸಂದರ್ಭದಲ್ಲಿ ಈ ಚರ್ಚೆ ನ್ಯಾಯಾಲಯದ ಮೆಟ್ಟಿಲನ್ನೇರಿತು. ಪ್ರಾಥಮಿಕ ಹಂತದ ಮಾಧ್ಯಮವನ್ನು ಕುರಿತ ಕರ್ನಾಟಕ ಸರ್ಕಾರದ 1994ರ ಆದೇಶದ ವ್ಯಾಜ್ಯದಲ್ಲಿ, ಮಾತೃಭಾಷೆಯನ್ನು ಪ್ರಭುತ್ವ ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರಲ್ಲಿ ತೀರ್ಪಿತ್ತಿತು. ಮಾಧ್ಯಮದ ಆಯ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದಿತು. ಮಗುವಿನ ಹೆಸರಿನಲ್ಲಿರುವ ಈ ಆಯ್ಕೆಯನ್ನು ವಾಸ್ತವದಲ್ಲಿ ಮಾಡುವವರು ಪೋಷಕರು. ಅಚ್ಚಿನ ಭಯ ಇದರಿಂದ ತಗ್ಗಿತು, ನಿಜ. ಆದರೆ ಮಿಲ್ಲನ ಎರಡನೆಯ ಆಕ್ಷೇಪ ಹಾಗೆಯೇ ಉಳಿಯಿತು.

ಹೊರನಾಡಿನಲ್ಲಿರುವ ನಮಗೆ ಪ್ರಶ್ನೆಯ ಇನ್ನೊಂದು ಮುಖ ಕಾಣುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಲ್ಲಿ ಸೇರಿದ ಸಂವಿಧಾನದ 350-ಎ ವಿಧಿ ಹೇಳುತ್ತದೆ. ಕನ್ನಡ ಶಾಲೆಯೇ ಇಲ್ಲದ ಬಡಾವಣೆಯಲ್ಲಿ ಕನ್ನಡವನ್ನು ಯಾರೂ ನಿಷೇಧಿಸಿರುವುದಿಲ್ಲ. ಆದರೂ ಅಲ್ಲಿ ಅದನ್ನು ಆಯ್ದುಕೊಳ್ಳಲಾಗದು. ಹೇರಿಕೆಯಿಲ್ಲದಿರುವುದು ಸ್ವಾತಂತ್ರ್ಯದ ಅರ್ಧಭಾಗ ಮಾತ್ರ. ಆಯ್ಕೆಗೆ ಆಸರೆಯಾದ ಶಾಲೆ, ಶಿಕ್ಷಕ, ಪಠ್ಯಪುಸ್ತಕಗಳು ಉಳಿದರ್ಧ. ಇವುಗಳನ್ನು ಒದಗಿಸುವುದು ದಾನಿಯ ಔದಾರ್ಯವಲ್ಲ, ಸ್ವಾತಂತ್ರ್ಯದ ಋಣವೆಂದು ತಿಳಿದಾಗಲೇ ‘ಉದಾರವಾದ’ ಎಂಬ ನಮ್ಮ ಪದ ತನ್ನ ಮೂಲಾರ್ಥಕ್ಕೆ ಹತ್ತಿರವಾದೀತು.