ಕೊಕ್ಕು ಸೊಟ್ಟ ಇರೋ ಕೋಳಿಮರಿ ಸಾಯೋದು ಹಸಿವಿನಿಂದ. ಬಟ್ಟಲು ಬದಲಾಯಿಸಿ ನೋಡಿ

ಹನಕೆರೆ: ಕಾವಿಗೆ ಕೂತ ಹ್ಯಾಟೆ 21 ದಿನಕ್ಕೆ ಮರಿ ಮಾಡುತ್ತೆ. ಅದರಲ್ಲಿ ಒಂದು ಮರಿಗೆ ಮೇಲಿನ ಕೊಕ್ಕು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ತಿರುಗಿ ಕತ್ತರಿ ತರ ಕಾಣೋದುಂಟು. ‘ಇದು ಉಳಿಯಲ್ಲ’ ಅಂತ ಬಿಟ್ಟುಬಿಡೋರೇ ಜಾಸ್ತಿ. ನಾಟಿ ಕೋಳಿಗೆ ನಮ್ಮ ಕಡೆ ಇರೋ ರೇಟು ನೋಡಿದ್ರೆ ಒಂದು ಮರಿಯೂ ಲೆಕ್ಕಕ್ಕೆ ಬರುತ್ತೆ.

ಹುಟ್ಟಿದ ದಿನ ಇದು ಗೊತ್ತಾಗದೇ ಇರಬಹುದು. ಮೊಟ್ಟೆಯ ಹಳದಿಯನ್ನ ಮರಿ ಹೊಟ್ಟೆಯೊಳಗೆ ಎಳ್ಕೊಂಡೇ ಹೊರಗೆ ಬರುತ್ತೆ. ಎರಡು ಮೂರು ದಿನ ಅದೇ ಊಟ. ಆಮೇಲೆ ಕುಕ್ಕೋಕೆ ಶುರು ಮಾಡಿದಾಗ ಕಾಳು ಜಾರಿ ಬೀಳುತ್ತೆ. ಮರಿ ದಿನವೆಲ್ಲಾ ಕುಕ್ಕುತ್ತಾನೇ ಇರುತ್ತೆ, ತಿಂತಿದೆ ಅಂತ ನಾವು ಅಂದ್ಕೋತೀವಿ. ಸಂಜೆ ಕತ್ತಿನ ಬುಡದಲ್ಲಿರೋ ಕಾಳಿನ ಚೀಲ ಮುಟ್ಟಿ ನೋಡಿ. ಖಾಲಿ ಇದ್ರೆ ತಿಂದಿಲ್ಲ ಅಂತಲೇ ಅರ್ಥ. ಕೊಕ್ಕಿನ ಓರೆ ಬೆಳೀತಾ ಬೆಳೀತಾ ಹೆಚ್ಚಾಗೋದೂ ಇದೆ.

ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ವಂಶದಿಂದ ಬರಬಹುದು, ಕಾವು ಪೆಟ್ಟಿಗೆಯಲ್ಲಿ ಶಾಖ ಏರುಪೇರಾದ್ರೂ ಬರಬಹುದು. ತಾಯಿ ಕೋಳಿಯ ಮೇವಿನಲ್ಲಿ ಬಯೋಟಿನ್ ತರದ ವಿಟಮಿನ್ ಕಮ್ಮಿ ಆದ್ರೂ ಮರಿಯ ಕೊಕ್ಕು ಕೆಡುತ್ತೆ. ಒಂದರಿಂದ ಒಂದಕ್ಕೆ ಅಂಟೋ ರೋಗ ಅಲ್ಲ.

ಮಾಡಬೇಕಾದ ಮುಖ್ಯ ಕೆಲಸ ಬಟ್ಟಲಿನದು. ನೆಲದ ಮೇಲೆ ಚೆಲ್ಲಿದ ನುಚ್ಚನ್ನ ಈ ಮರಿ ಎತ್ತಲಾರದು. ಸ್ವಲ್ಪ ಆಳದ ಬಟ್ಟಲಲ್ಲಿ ಮರಿ ಮೇವಿನ ಪುಡಿಯನ್ನ ನೀರು ಹಾಕಿ ಗಂಜಿಗಿಂತ ಗಟ್ಟಿಯಾಗಿ ಕಲಸಿಡಿ, ಕೊಕ್ಕಲ್ಲಿ ಬಾಚಿ ತಿನ್ನುತ್ತೆ. ಬಟ್ಟಲು ಮರಿಯ ಬೆನ್ನಿನ ಎತ್ತರಕ್ಕಿರಲಿ. ಬೇಸಿಗೆಯಲ್ಲಿ ಕಲಸಿದ ಮೇವು ಬೇಗ ಹುಳಿಯುತ್ತೆ, ಸ್ವಲ್ಪ ಸ್ವಲ್ಪವೇ ಕಲಸಿ. ನೀರೂ ಕೊಕ್ಕು ಮುಳುಗುವಷ್ಟು ಬೇಕು. ಮರಿ ಬಿದ್ದು ಮುಳುಗದ ಹಾಗೆ ಒಳಗೆ ನಾಲ್ಕು ಕಲ್ಲು ಹಾಕಿ. ಊಟದ ಹೊತ್ತಿಗೆ ಮಾತ್ರ ಮಂಕರಿ ಮುಚ್ಚಿ ಬೇರೆ ಬಿಡಿ, ಇಲ್ಲಾಂದ್ರೆ ಮಿಕ್ಕವು ತಳ್ಳಿ ತಿಂದುಹಾಕ್ತವೆ. ಉಳಿದ ಹೊತ್ತು ತಾಯಿ ಜೊತೆಗೇ ಇರಲಿ, ಕಾವು ಬೇಕು. ತಾಯಿ ಇಲ್ಲದ ಮರಿಗೆ ಬಲ್ಬಿನ ಕೆಳಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕಾಗುತ್ತೆ.

ದೊಡ್ಡದಾದ ಮೇಲೆ ಕೊಕ್ಕಿನ ತುದಿ ಸವೆಯದೆ ಉದ್ದ ಬೆಳೆಯುತ್ತೆ. ಉಗುರು ಉಜ್ಜೋ ಅರದಲ್ಲಿ ತುದಿ ಮಾತ್ರ ಉಜ್ಜಿ. ಕತ್ತರಿ ಹಾಕೋಕೆ ಹೋಗಬೇಡಿ, ಒಳಗೆ ಜೀವ ಇರೋ ಭಾಗ ಇದೆ, ರಕ್ತ ಬರುತ್ತೆ. ಎಳೆದು ಕಟ್ಟಿದ್ರೆ ಸರಿಹೋಗುತ್ತೆ ಅನ್ನೋದೂ ಬೇಡ. ಕೊಕ್ಕಲ್ಲಿ ರೆಕ್ಕೆ ಕೆದರಿಕೊಳ್ಳೋಕೆ ಆಗದ್ದರಿಂದ ಇಂಥ ಕೋಳಿಗೆ ಹೇನು ಜಾಸ್ತಿ. ವಾರಕ್ಕೊಂದು ಸಲ ರೆಕ್ಕೆ ಕೆಳಗೆ ನೋಡಿ.

ಎರಡೂ ಕೊಕ್ಕು ಸೇರಿಸಿ ಏನನ್ನೂ ಎತ್ತಲಾಗದಷ್ಟು ತಿರುಗಿದ್ದು, ಕಲಸಿದ ಮೇವು ಕೊಟ್ಟರೂ ತೂಕ ಇಳೀತಿದ್ರೆ ಆ ಮರಿಯನ್ನ ನರಳಿಸೋದು ಸರಿಯಲ್ಲ, ಪಶು ವೈದ್ಯರಿಗೆ ತೋರಿಸಿ. ಇನ್ನೊಂದು: ಕೊಕ್ಕು ನೇರ ಇದ್ದು ಕತ್ತು ತಿರುಚಿಕೊಂಡು, ಹಸಿರು ಭೇದಿ ಆಗ್ತಿದ್ರೆ ಅದು ಕೊಕ್ಕರೆ ರೋಗ ಇರಬಹುದು. ಅದು ಇಡೀ ಗುಂಪನ್ನೇ ತೆಗೆಯುತ್ತೆ. ತಡ ಮಾಡದೆ 1962ಕ್ಕೆ ಫೋನ್ ಮಾಡಿ.

ಸೊಟ್ಟ ಕೊಕ್ಕಿನ ಕೋಳಿಯ ಮೊಟ್ಟೆ, ಮಾಂಸ ತಿನ್ನೋಕೆ ಏನೂ ತೊಂದರೆ ಇಲ್ಲ. ಆದ್ರೆ ಅದರ ಮೊಟ್ಟೆಯನ್ನ ಕಾವಿಗೆ ಇಡಬೇಡಿ, ಹುಂಜ ಆದ್ರೆ ತಳಿಗೆ ಬಿಡಬೇಡಿ.