ಧಾನ್ಯ ಸಂಗ್ರಹಿಸುವ ಮನೆಗಳಲ್ಲಿ ಬೆಕ್ಕುಗಳ ಮೂತ್ರ ಸಿಂಪಡಣೆ: ಕಾರಣಗಳು ಮತ್ತು ನಿರ್ವಹಣೆ

ರಾಮದುರ್ಗ ತಾಲ್ಲೂಕಿನ ಸುರೇಬಾನ ಮತ್ತು ಸುತ್ತಲಿನ ಎರೆಭೂಮಿಯ ಗ್ರಾಮಗಳಲ್ಲಿ ಹಿಂಗಾರಿ ಜೋಳ, ಕಡಲೆ, ಗೋವಿನಜೋಳ ಮುಂತಾದ ಧಾನ್ಯಗಳನ್ನು ಗೋಣಿಚೀಲಗಳಲ್ಲಿ ತುಂಬಿ ಮನೆಯೊಳಗೇ ಒಟ್ಟುವ ರೂಢಿಯಿದೆ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು ಎಂಬುದು ರೈತರಿಗೆ ಹೊಸ ಮಾತಲ್ಲ. ಆದರೆ ಒಂದು ಬೆಕ್ಕು ಮರಿ ಹಾಕಿ, ಮನೆಯಲ್ಲಿ ನಾಲ್ಕೈದು ಬೆಕ್ಕುಗಳಾದಾಗ ಚೀಲಗಳ ಮೇಲೆ, ಗೋಡೆಯ ಮೂಲೆಗಳಲ್ಲಿ ಹಾಗೂ ಬಾಗಿಲ ಚೌಕಟ್ಟಿನಲ್ಲಿ ಮೂತ್ರದ ಘಾಟು ವಾಸನೆ ಕಾಣಿಸಿಕೊಳ್ಳುತ್ತದೆ. ಆಗ ಹಲವರು ಬೆಕ್ಕನ್ನು ಚೀಲದಲ್ಲಿ ಕಟ್ಟಿ ದೂರದ ಹೊಲದಲ್ಲಿ ಬಿಟ್ಟು ಬರುತ್ತಾರೆ. ತೆರವಾದ ಜಾಗಕ್ಕೆ ಮತ್ತೊಂದು ಗಂಡು ಬೆಕ್ಕು ಬರುವುದರಿಂದ ತೊಂದರೆ ಹಾಗೆಯೇ ಉಳಿಯುತ್ತದೆ. ಬೆಕ್ಕೇ ಬಾರದಿದ್ದರೆ ಇಲಿಗಳ ಕಾಟ ಹೆಚ್ಚುತ್ತದೆ. ಆದುದರಿಂದ ಈ ವರ್ತನೆಯ ಕಾರಣವನ್ನು ಅರಿತು ಕ್ರಮ ಕೈಗೊಳ್ಳುವುದು ಸೂಕ್ತ.

ಸಿಂಪಡಣೆ ಮತ್ತು ಸಾಮಾನ್ಯ ಮೂತ್ರ ವಿಸರ್ಜನೆ

ಇವೆರಡರ ವ್ಯತ್ಯಾಸವನ್ನು ಮೊದಲು ಗುರುತಿಸಬೇಕು. ಸಿಂಪಡಿಸುವ ಬೆಕ್ಕು ನಿಂತುಕೊಂಡೇ ಗೋಡೆ ಅಥವಾ ಚೀಲಕ್ಕೆ ಬೆನ್ನು ತಿರುಗಿಸಿ, ಬಾಲವನ್ನು ಮೇಲೆತ್ತಿ ನಡುಗಿಸುತ್ತಾ ಸ್ವಲ್ಪವೇ ಮೂತ್ರವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಕಲೆಯು ನೆಲದಿಂದ ಸುಮಾರು ಒಂದು ಗೇಣು ಎತ್ತರದಲ್ಲಿದ್ದು ಕೆಳಕ್ಕೆ ಇಳಿದಿರುತ್ತದೆ. ಸಾಮಾನ್ಯ ವಿಸರ್ಜನೆಯಲ್ಲಿ ಬೆಕ್ಕು ಕುಳಿತು, ಸಮತಟ್ಟಾದ ಜಾಗದಲ್ಲಿ ಹೆಚ್ಚು ಮೂತ್ರ ಮಾಡಿ, ಮಣ್ಣು ಕೆದರಿ ಮುಚ್ಚಲು ಯತ್ನಿಸುತ್ತದೆ. ಸಿಂಪಡಣೆಯು ಇತರ ಬೆಕ್ಕುಗಳಿಗೆ ವಾಸನೆಯ ಮೂಲಕ ನೀಡುವ ಸಂದೇಶ. ಹೊಟ್ಟಿನ ರಾಶಿಯ ಮೇಲೆ ಕುಳಿತು ಮೂತ್ರ ಮಾಡುವ ಬೆಕ್ಕಿಗೆ ಬಹುತೇಕ ತಕ್ಕ ಜಾಗ ದೊರೆತಿರುವುದಿಲ್ಲ, ಇಲ್ಲವೇ ಅದಕ್ಕೆ ರೋಗವಿರುತ್ತದೆ.

ಮೊದಲು ರೋಗವನ್ನು ಪರಿಶೀಲಿಸಿ

ಗಂಡು ಬೆಕ್ಕು ಪದೇ ಪದೇ ಕುಳಿತು ತಿಣುಕುವುದು, ನರಳುವುದು, ಜನನಾಂಗವನ್ನು ನೆಕ್ಕುವುದು, ಹನಿಹನಿಯಾಗಿ ಅಥವಾ ರಕ್ತಮಿಶ್ರಿತ ಮೂತ್ರ ಬರುವುದು ಕಂಡುಬಂದರೆ ಮೂತ್ರನಾಳ ಕಟ್ಟಿಕೊಂಡಿರುವ ಸಾಧ್ಯತೆಯಿದೆ. ಪೂರ್ಣವಾಗಿ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿಯೇ ಬೆಕ್ಕು ಸಾಯಬಹುದು. ನಾಳೆ ನೋಡೋಣ ಎನ್ನದೆ ಅದೇ ದಿನ ಪಶು ಚಿಕಿತ್ಸಾಲಯಕ್ಕೆ ಕೊಂಡೊಯ್ಯಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಪ್ಯಾರಾಸಿಟಮಾಲ್‌ನ ಒಂದು ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಸಿಂಪಡಣೆಗೆ ಕಾರಣಗಳು

• ಬೆದೆ ಮತ್ತು ಸಂತಾನಾಪೇಕ್ಷೆ: ಐದಾರು ತಿಂಗಳ ವಯಸ್ಸಿನಿಂದ ಗಂಡು ಬೆಕ್ಕುಗಳಲ್ಲಿ ಇದು ಆರಂಭವಾಗಬಹುದು. ಬೆದೆಗೆ ಬಂದ ಹೆಣ್ಣು ಬೆಕ್ಕುಗಳೂ ಸಿಂಪಡಿಸುತ್ತವೆ.
• ಹೊರಗಿನ ಬೆಕ್ಕಿನ ಪ್ರವೇಶ: ಬಾಗಿಲು, ಕಿಟಕಿಗಳ ಸುತ್ತ ಹೆಚ್ಚು ಕಲೆಗಳಿದ್ದರೆ ಇದೇ ಕಾರಣವಿರಬಹುದು.
• ಇಕ್ಕಟ್ಟು ಮತ್ತು ಪೈಪೋಟಿ: ಒಂದೇ ಬಟ್ಟಲಿನ ಹಾಲು, ಒಂದೇ ಮಲಗುವ ಜಾಗಕ್ಕಾಗಿ ಹಲವು ಬೆಕ್ಕುಗಳು ಸೆಣಸುವುದು.
• ಮನೆಯಲ್ಲಿ ಬದಲಾವಣೆ: ಸುಗ್ಗಿಯ ನಂತರ ಹೊಸ ಚೀಲಗಳು ಬಂದಾಗ ಹೊರಗಿನ ವಾಸನೆಯನ್ನು ಗ್ರಹಿಸಿ, ಬೆಕ್ಕು ಅವುಗಳ ಮೇಲೆ ತನ್ನ ಗುರುತು ಹಾಕಬಹುದು.

ನಿರ್ವಹಣಾ ಕ್ರಮಗಳು

1. ಸಂತಾನಹರಣ ಶಸ್ತ್ರಚಿಕಿತ್ಸೆ: ಇದು ಅತ್ಯಂತ ಪರಿಣಾಮಕಾರಿ ಕ್ರಮ. ಶಸ್ತ್ರಚಿಕಿತ್ಸೆಗೊಳಗಾದ ಗಂಡು ಬೆಕ್ಕುಗಳ ಪೈಕಿ 10ರಲ್ಲಿ ಸುಮಾರು 9 ಸಿಂಪಡಣೆಯನ್ನು ನಿಲ್ಲಿಸುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ. ಫಲಿತಾಂಶ ಕಾಣಲು ಕೆಲವು ವಾರಗಳು ಬೇಕಾಗಬಹುದು. ಹೆಣ್ಣು ಬೆಕ್ಕುಗಳಿಗೂ ಮಾಡಿಸಿದರೆ ಸಂಖ್ಯೆ ಹೆಚ್ಚುವುದಿಲ್ಲ, ಹೊರಗಿನ ಗಂಡು ಬೆಕ್ಕುಗಳ ಓಡಾಟವೂ ತಗ್ಗುತ್ತದೆ. ಈ ಶಸ್ತ್ರಚಿಕಿತ್ಸೆಯಿಂದ ಬೆಕ್ಕು ಇಲಿ ಹಿಡಿಯುವುದನ್ನು ಮರೆಯುವುದಿಲ್ಲ.

2. ವಿಸರ್ಜನೆಗೆ ಸಾಕಷ್ಟು ಜಾಗ: ಎರೆಮಣ್ಣು ಮಳೆಗಾಲದಲ್ಲಿ ಕೆಸರಾಗಿ ಅಂಟುತ್ತದೆ, ಬೇಸಿಗೆಯಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ಕೆದರಲು ಸಡಿಲ ಮಣ್ಣು ಸಿಗದ ಬೆಕ್ಕು ಹೊಟ್ಟು ಅಥವಾ ಧಾನ್ಯದ ರಾಶಿಯನ್ನು ಹುಡುಕುತ್ತದೆ. ಆದ್ದರಿಂದ ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ 2–3 ಇಂಚು ಒಣ ಮರಳನ್ನು ಹಾಕಿ, ಮಳೆ ಬೀಳದ ಬೇರೆ ಬೇರೆ ಮೂಲೆಗಳಲ್ಲಿ ಇಡಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಬೇಕು. ಅಂದರೆ 3 ಬೆಕ್ಕುಗಳಿಗೆ 4 ತಟ್ಟೆಗಳು. ಹಿತ್ತಿಲಿನಲ್ಲಿ ಸೂರಿನಡಿ ಮರಳಿನ ಗುಂಡಿ ಮಾಡಿದರೂ ಆದೀತು. ಮಲವನ್ನು ಪ್ರತಿದಿನ ತೆಗೆಯಬೇಕು.

3. ಆಹಾರ ಮತ್ತು ವಿಶ್ರಾಂತಿ: ಬೆಕ್ಕುಗಳಿಗೆ ಒಂದಕ್ಕೊಂದು ಕಾಣದಂತೆ ಪ್ರತ್ಯೇಕ ಬಟ್ಟಲುಗಳಲ್ಲಿ ಆಹಾರ ನೀಡಿ. ಅಟ್ಟ ಅಥವಾ ಎತ್ತರದ ಹಲಗೆಯ ಮೇಲೆ ಮಲಗಲು ಬೇರೆ ಬೇರೆ ಜಾಗಗಳಿರಲಿ. ರಾತ್ರಿ ಹೊರಗಿನ ಬೆಕ್ಕು ನುಸುಳುವ ಕಿಂಡಿಗಳಿಗೆ ಜಾಲರಿ ಹಾಕಿ.

4. ಸ್ವಚ್ಛತೆ: ಹಳೆಯ ವಾಸನೆಯು ಅದೇ ಜಾಗಕ್ಕೆ ಮತ್ತೆ ಕರೆಯುತ್ತದೆ. ಸಿಮೆಂಟು ಗೋಡೆಯನ್ನು ಸೋಪಿನ ನೀರಿನಿಂದ ಉಜ್ಜಿ ತೊಳೆದು, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಮರುದಿನ ಗುಡಿಸಬೇಕು. ಮಣ್ಣಿನ ಗೋಡೆಯಾದರೆ ಒದ್ದೆಯಾದ ಪದರವನ್ನು ಕೆರೆದು ಹೊಸದಾಗಿ ಮೆತ್ತಬೇಕು. ಫಿನಾಯಿಲ್ ಬೆಕ್ಕುಗಳಿಗೆ ವಿಷಕಾರಿ. ಬ್ಲೀಚಿಂಗ್ ಪುಡಿಯು ಮೂತ್ರದೊಂದಿಗೆ ಸೇರಿದಾಗ ಹಾನಿಕರ ಅನಿಲ ಹೊರಡುತ್ತದೆ. ಇವೆರಡನ್ನೂ ಬಳಸಬಾರದು.

5. ದಾಸ್ತಾನಿನ ರಕ್ಷಣೆ: ಚೀಲಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಒಟ್ಟಿ, ತಾಡಪತ್ರಿಯನ್ನು ಕೆಳಗಿನ ಸಾಲಿನವರೆಗೆ ಇಳಿಬಿಡಬೇಕು. ಸಾಧ್ಯವಿದ್ದಲ್ಲಿ ಬಿತ್ತನೆ ಬೀಜವನ್ನು ಮುಚ್ಚಳವುಳ್ಳ ತಗಡಿನ ಕಣಜದಲ್ಲಿಡಿ. ಒದ್ದೆಯಾದ ಚೀಲವನ್ನು ತಕ್ಷಣ ಬಿಚ್ಚಿ, ತೊಯ್ದ ಕಾಳನ್ನು ತೆಗೆದುಹಾಕಿ, ಉಳಿದುದನ್ನು ಬಿಸಿಲಿಗೆ ಒಣಗಿಸಬೇಕು. ತೇವಾಂಶ ಉಳಿದರೆ ಬೂಷ್ಟು ಹಿಡಿಯುತ್ತದೆ.

ಆರೋಗ್ಯದ ದೃಷ್ಟಿಯಿಂದ ಎಚ್ಚರಿಕೆ

ಕೆಲವು ಬೆಕ್ಕುಗಳ ಮಲದ ಮೂಲಕ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಹರಡುತ್ತದೆ. ಮೇವು, ಹೊಟ್ಟಿನ ಮೂಲಕ ಇದು ಗಬ್ಬದ ಕುರಿ, ಮೇಕೆಗಳ ದೇಹ ಸೇರಿದರೆ ಗರ್ಭಪಾತವಾಗಬಹುದು. ಆದ್ದರಿಂದ ಮೇವಿನ ಕೋಣೆಗೆ ಬೆಕ್ಕುಗಳು ಮಲವಿಸರ್ಜನೆಗೆ ಹೋಗದಂತೆ ನೋಡಿಕೊಳ್ಳಬೇಕು. ಗರ್ಭಿಣಿಯರು ಮರಳಿನ ತಟ್ಟೆಯನ್ನು ಸ್ವಚ್ಛಗೊಳಿಸಬಾರದು. ಇತರರು ಕೈಗವಸು ಧರಿಸಿ, ನಂತರ ಸೋಪಿನಿಂದ ಕೈ ತೊಳೆಯಬೇಕು.

ಮಾಡಬಾರದ ಕಾರ್ಯಗಳು

• ಬೆಕ್ಕನ್ನು ಹೊಡೆಯುವುದು, ಮೂತ್ರಕ್ಕೆ ಮೂತಿ ತಿಕ್ಕುವುದು. ಹೆದರಿದ ಬೆಕ್ಕು ಇನ್ನೂ ಹೆಚ್ಚು ಸಿಂಪಡಿಸುತ್ತದೆ.
• ಬೆಕ್ಕುಗಳಿರುವ ಮನೆಯಲ್ಲಿ ಇಲಿ ಪಾಷಾಣವಿಡುವುದು. ವಿಷ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ಅಪಾಯವಿದೆ.
• ಬೆಕ್ಕನ್ನು ದೂರ ಬಿಟ್ಟು ಬರುವುದು. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಪ್ರಕಾರ ಅಪರಾಧ.

ವಿಸ್ತರಣಾ ಕಾರ್ಯಕರ್ತರಿಗೆ

ರೈತರು ಈ ದೂರನ್ನು ಹೇಳಿದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿ: ಬೆಕ್ಕು ನಿಂತು ಮಾಡುತ್ತದೆಯೋ, ಕುಳಿತೋ? ಕಲೆಗಳು ಎಲ್ಲಿವೆ? ಬೆಕ್ಕುಗಳೆಷ್ಟು, ಅವುಗಳಲ್ಲಿ ಶಸ್ತ್ರಚಿಕಿತ್ಸೆಯಾದವು ಎಷ್ಟು? ಇತ್ತೀಚೆಗೆ ಮನೆಯಲ್ಲಿ ಏನು ಬದಲಾಗಿದೆ? ಬಹುತೇಕ ಸಂದರ್ಭಗಳಲ್ಲಿ ಈ ಉತ್ತರಗಳಿಂದಲೇ ಕಾರಣ ಹೊಳೆಯುತ್ತದೆ. ಒಂದೇ ಓಣಿಯ ನಾಲ್ಕಾರು ಮನೆಗಳವರು ಕೂಡಿ ತಮ್ಮ ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವಂತೆ ಪ್ರೇರೇಪಿಸಿದರೆ ಪರಿಣಾಮ ಹೆಚ್ಚು. ಒಂದು ಮನೆಯವರು ಮಾತ್ರ ಮಾಡಿಸಿದರೆ ನೆರೆಮನೆಯ ಗಂಡು ಬೆಕ್ಕು ಬಂದು ಗುರುತು ಹಾಕುವುದು ತಪ್ಪದು.

ಹೆಚ್ಚಿನ ಸಲಹೆಗಾಗಿ ಸಮೀಪದ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಧಾನ್ಯ ಸಂಗ್ರಹಣೆ ಕುರಿತ ಮಾಹಿತಿಯನ್ನು ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪಡೆಯಬಹುದು.