ನೋಂದಣಿಯಾಯಿತು, ಮಾಲೀಕರಾದಿರಾ?

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಹೊರಬಂದವರೆಲ್ಲ ಜಾಗ ತಮ್ಮದಾಯಿತೆಂದೇ ತಿಳಿಯುತ್ತಾರೆ. 1908ರ ನೋಂದಣಿ ಕಾಯ್ದೆ ಅಷ್ಟು ದೂರ ಹೋಗುವುದಿಲ್ಲ. ಇಂಥವರು ಇಂಥ ಸ್ವತ್ತನ್ನು ಇಂಥವರಿಗೆ ಬರೆದುಕೊಟ್ಟರು ಎಂಬುದನ್ನಷ್ಟೇ ಅದು ದಾಖಲಿಸುತ್ತದೆ. ಬರೆದುಕೊಡುವ ಹಕ್ಕು ಅವರಿಗಿತ್ತೇ ಎಂದು ಕೇಳುವುದಿಲ್ಲ. ಮಾರುವವರು ಮೂಲಪತ್ರ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದೆಂಬ ನಿಯಮ ತಮಿಳುನಾಡಿನಲ್ಲಿತ್ತು. ಮಾಲೀಕತ್ವದ ವಿಚಾರಣೆ ನೋಂದಣಾಧಿಕಾರಿಯ ಕೆಲಸವಲ್ಲ ಎಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದುಮಾಡಿತು. ಶುಲ್ಕವನ್ನು ಮಾತ್ರ ಸರ್ಕಾರ ಪೂರಾ ವಸೂಲು ಮಾಡುತ್ತದೆ.

ಹಾಗಿದ್ದರೆ ನೋಂದಣಿಯೇ ಬೇಡವೆ? ಬೇಕೇ ಬೇಕು. ನೂರು ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಕ್ರಯಪತ್ರವಿಲ್ಲದೆ ಆಗದು. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಬರೆಸಿಕೊಂಡ ಮಾತ್ರಕ್ಕೆ ಮಾಲೀಕರಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ಪತ್ರ ಎಷ್ಟೇ ಕ್ರಮಬದ್ಧವಾಗಿದ್ದರೂ ಮಾರಿದವರಿಗೆ ಇದ್ದದ್ದಕ್ಕಿಂತ ಹೆಚ್ಚಿನ ಹಕ್ಕು ಕೊಂಡವರಿಗೆ ಬಾರದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನೇ ನೋಡಿ. ಅನುಮತಿಯಿಲ್ಲದೆ ಅದನ್ನು ಕೊಂಡರೆ, ಪತ್ರ ನೋಂದಣಿಯಾಗಿದ್ದರೂ, ಕರ್ನಾಟಕದ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯ ಅಸಿಂಧು.

ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ದೇವೆ, ಪಹಣಿ ಸರಿಯಿದೆ, ಇ-ಖಾತೆಯೂ ಇದೆ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳಷ್ಟೆ. ನೋಂದಾಯಿಸದ ಉಯಿಲು, ಬಾಯಿಮಾತಿನ ಪಾಲು ಅದರಲ್ಲಿ ಬರುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಕೊಟ್ಟ ಸಮಪಾಲೂ ಕಾಣುವುದಿಲ್ಲ. ಪಹಣಿಯ ನಮೂದನ್ನು ಬೇರೆ ರುಜುವಾತಾಗುವವರೆಗೆ ಸರಿಯೆಂದು ಭಾವಿಸಬೇಕೆನ್ನುತ್ತದೆ 1964ರ ಭೂಕಂದಾಯ ಕಾಯ್ದೆ. ಅಂದರೆ ರುಜುವಾತು ಬಂದ ದಿನ ಆ ಬಲ ಮುಗಿಯಿತು. ಖಾತೆ ಮುಖ್ಯವಾಗಿ ತೆರಿಗೆಯ ದಾಖಲೆ. ಇಲ್ಲದ ಸೈಟು ಮಾರುವವರಿಗೆ 2023ರಲ್ಲಿ ಬಂದ ನೋಂದಣಿ ತಂತ್ರಾಂಶ ಕಾವೇರಿ 2.0 ಮತ್ತು ಇ-ಖಾತೆ ಅಡ್ಡಿಯಾದಾವು, ನಿಜ. ಮನೆಯೊಳಗಿನ ಪಾಲುದಾರರನ್ನು ಯಾವ ತಂತ್ರಾಂಶವೂ ಹುಡುಕಿಕೊಡದು.

ಸರ್ಕಾರವೇ ಹಕ್ಕಿಗೆ ಖಾತರಿ ಕೊಡಲಿ ಎಂಬ ವಾದ ಹಳೆಯದು. ರಾಬರ್ಟ್ ಟೊರೆನ್ಸ್ ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಜಾರಿಗೆ ತಂದ ಪದ್ಧತಿಯಲ್ಲಿ ರಿಜಿಸ್ಟರಿನಲ್ಲಿ ಹೆಸರಿದ್ದವರೇ ಸಾಮಾನ್ಯವಾಗಿ ಮಾಲೀಕರು. ರಾಜಸ್ಥಾನ 2016ರಲ್ಲಿ ನಗರಗಳ ಮಟ್ಟಿಗೆ ಇಂಥದೊಂದು ಕಾಯ್ದೆ ಮಾಡಿತು. ಗುರಿ ಸರಿ, ಅವಸರ ಅಪಾಯಕಾರಿ ಎನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿ ತೀರಿಹೋದ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದ, ಪೋಡಿಯಾಗದೆ ಹತ್ತು ಜನ ಒಂದೇ ಸರ್ವೆ ನಂಬರಿನಲ್ಲಿ ಕಲೆತಿರುವ ಜಮೀನುಗಳಿವೆ. ವಾರಸುದಾರರ ಹೆಸರಿಗೆ ಪೌತಿ ಖಾತೆ, ಜಮೀನು ವಿಭಜಿಸುವ ಪೋಡಿ ಮುಗಿಸದೆ ಖಾತರಿಯ ಮುದ್ರೆ ಒತ್ತಿದರೆ ಇಂದಿನ ತಪ್ಪು ಹೆಸರೇ ನಾಳೆ ಪ್ರಶ್ನಿಸಲಾಗದ ಮಾಲೀಕನಾಗುತ್ತದೆ. ಆಗ ಮೊದಲು ಕಳೆದುಕೊಳ್ಳುವವರು ಪಹಣಿಯಲ್ಲಿ ಹೆಸರೇ ಸೇರದ ಹೆಣ್ಣುಮಕ್ಕಳು.